ಕುಂಡದ ಗಿಡಕ್ಕೆ ಬೂದಿ, ಮೊಟ್ಟೆ ಚಿಪ್ಪು, ನಿಂಬೆರಸ: ಹಾನಗಲ್ಲಿಗೆ ಸರಿಯಾದದ್ದು ಸವಣೂರಿಗೆ ಸರಿಯೇ?

‘ಗಿಡದ ಎಲೆ ಹಳದಿಯಾಗಿದೆಯೇ? ಒಂದು ಹಿಡಿ ಒಲೆ ಬೂದಿ, ಪುಡಿ ಮಾಡಿದ ಮೊಟ್ಟೆ ಚಿಪ್ಪು ಹಾಕಿ. ವಾರದಲ್ಲಿ ಹಚ್ಚ ಹಸಿರು!’ ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರ ಜೊತೆಗೆ ‘ನಿಂಬೆರಸ ಹಾಕಿ, ಮಣ್ಣಿನ ಪಿಎಚ್ ಸರಿಹೋಗುತ್ತದೆ’ ಎಂಬ ಇನ್ನೊಂದು ಸಂದೇಶವೂ ಓಡಾಡುತ್ತದೆ. ಮೊದಲನೆಯದು ಪಿಎಚ್ ಏರಿಸುವ ಸಲಹೆ, ಎರಡನೆಯದು ಇಳಿಸುವ ಸಲಹೆ. ಎರಡೂ ಒಟ್ಟಿಗೆ ಎಲ್ಲರಿಗೂ ಸರಿಯಾಗಿರಲು ಸಾಧ್ಯವಿಲ್ಲ.

ಚಿಕ್ಕ ಉತ್ತರ ಇಷ್ಟು: ನಿಮ್ಮ ಮಣ್ಣು ಯಾವುದು ಎಂದು ತಿಳಿಯದೆ ಏನನ್ನೂ ಹಾಕಬೇಡಿ. ಯಾಕೆ ಎಂಬುದನ್ನು ಮುಂದೆ ನೋಡೋಣ.

ಪಿಎಚ್ ಎಂದರೇನು?

ಮಣ್ಣು ಎಷ್ಟು ಹುಳಿ (ಆಮ್ಲೀಯ) ಅಥವಾ ಎಷ್ಟು ಕ್ಷಾರ ಎಂದು ಹೇಳುವ ಅಳತೆಯೇ ಪಿಎಚ್. ಡೆನ್ಮಾರ್ಕಿನ ವಿಜ್ಞಾನಿ ಸೊರೆನ್‌ಸೆನ್ 1909ರಲ್ಲಿ ಇದನ್ನು ಬಳಕೆಗೆ ತಂದರು. 7 ಎಂದರೆ ತಟಸ್ಥ, ಅದಕ್ಕಿಂತ ಕಡಿಮೆ ಇದ್ದರೆ ಆಮ್ಲೀಯ, ಹೆಚ್ಚಿದ್ದರೆ ಕ್ಷಾರೀಯ. ಈ ಅಳತೆಯಲ್ಲಿ ಒಂದು ಅಂಕಿ ಬದಲಾದರೆ ಹತ್ತು ಪಟ್ಟು ವ್ಯತ್ಯಾಸ. ಅಂದರೆ 6.5 ಮತ್ತು 8.5ರ ನಡುವೆ ನೂರು ಪಟ್ಟು ಅಂತರವಿದೆ.

ನಮ್ಮ ಮನೆಗಳಲ್ಲಿ ಪಿಎಚ್ ಪರೀಕ್ಷೆ ಶತಮಾನಗಳಿಂದ ನಡೆಯುತ್ತಿದೆ ಎನ್ನಬಹುದು. ಆರತಿ ತಟ್ಟೆಯ ನೀರಿಗೆ ಅರಿಶಿನ ಹಾಕಿ, ಚಿಟಿಕೆ ಸುಣ್ಣ ಕಲಸಿದರೆ ನೀರು ಕೆಂಪಾಗುತ್ತದಲ್ಲ, ಅದು ಕ್ಷಾರಕ್ಕೆ ಅರಿಶಿನ ಬಣ್ಣ ಬದಲಿಸುವ ಗುಣ. ಆದರೆ ಮಣ್ಣು ಅಳೆಯಲು ಅರಿಶಿನ ಸಾಲದು. ಅದು ಆಮ್ಲೀಯ ಮಣ್ಣನ್ನು ತೋರಿಸುವುದೇ ಇಲ್ಲ. ಕ್ಷಾರ ಮಣ್ಣಿನಲ್ಲೂ ಮಣ್ಣಿನ ಸ್ವಂತ ಬಣ್ಣವೇ ಕಣ್ಣಿಗೆ ಮೋಸ ಮಾಡುತ್ತದೆ.

ಪಿಎಚ್ ತಪ್ಪಿದರೆ ಗೊಬ್ಬರವಿದ್ದರೂ ಉಪವಾಸ

ಹೆಚ್ಚಿನ ತರಕಾರಿಗಳಿಗೆ 6ರಿಂದ 7.5ರ ಪಿಎಚ್ ಹಿತ. ಇದಕ್ಕಿಂತ ಮೇಲೆ ಹೋದಂತೆ ಕಬ್ಬಿಣ, ಸತು, ಮ್ಯಾಂಗನೀಸ್ ಮಣ್ಣಿನಲ್ಲಿ ಇದ್ದರೂ ಬೇರಿಗೆ ಸಿಗದ ರೂಪಕ್ಕೆ ತಿರುಗುತ್ತವೆ. ರಂಜಕವನ್ನು ಸುಣ್ಣದ ಅಂಶ ಹಿಡಿದಿಟ್ಟುಕೊಳ್ಳುತ್ತದೆ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿಗೆ ತೊಂದರೆ ಕೊಡುತ್ತದೆ, ರಂಜಕ ಈ ಬಾರಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಜೊತೆ ಅಂಟಿಕೊಳ್ಳುತ್ತದೆ. ಎರಡೂ ಕಡೆ ಗೊಬ್ಬರದ ದುಡ್ಡು ಮಣ್ಣುಪಾಲು.

ನಾಲ್ಕು ತಾಲ್ಲೂಕು, ಬೇರೆ ಬೇರೆ ಮಣ್ಣು

ಹಾವೇರಿ ಜಿಲ್ಲೆಯನ್ನೇ ನೋಡಿ. ಉತ್ತರ ಕನ್ನಡಕ್ಕೆ ತಾಗಿಕೊಂಡ ಹಾನಗಲ್ ಮಲೆನಾಡಿನ ಅಂಚು. ಭತ್ತ, ಮಾವು ಬೆಳೆಯುವ ನಾಡು. ಮಳೆ ಹೆಚ್ಚಾದಲ್ಲಿ ಮಣ್ಣಿನ ಸುಣ್ಣದ ಅಂಶ ತೊಳೆದು ಹೋಗುತ್ತದೆ. ಹಾಗಾಗಿ ಅಲ್ಲಿನ ಕೆಂಪು ಮಣ್ಣು ತಟಸ್ಥ ಅಥವಾ ಸ್ವಲ್ಪ ಆಮ್ಲೀಯವಾಗಿರುವ ಸಾಧ್ಯತೆ ಹೆಚ್ಚು. ಪೂರ್ವಕ್ಕೆ ಸವಣೂರಿನ ಕಡೆ ಬಂದರೆ ಎರೆ ಭೂಮಿ. ಮಳೆ ಕಡಿಮೆ, ಸುಣ್ಣದ ಅಂಶ ಮಣ್ಣಿನಲ್ಲೇ ಉಳಿಯುತ್ತದೆ, ಪಿಎಚ್ ಸಾಮಾನ್ಯವಾಗಿ ಕ್ಷಾರದ ಕಡೆಗೆ. ಶಿಗ್ಗಾಂವಿ ಮತ್ತು ಹಿರೇಕೆರೂರಿನಲ್ಲಿ ಮಸಾರಿಯೂ ಇದೆ, ಎರೆಯೂ ಇದೆ. ಒಂದೇ ಊರಿನ ಎರಡು ಹೊಲಗಳ ಮಣ್ಣೇ ಬೇರೆ ಇರಬಹುದು.

ಇನ್ನೊಂದು ವಿಷಯ: ನಿಮ್ಮ ಕುಂಡಕ್ಕೆ ಮಣ್ಣು ಎಲ್ಲಿಂದ ಬಂತು ಎನ್ನುವುದು ಮುಖ್ಯ, ನಿಮ್ಮ ಮನೆ ಎಲ್ಲಿದೆ ಎನ್ನುವುದಲ್ಲ. ನೀವು ಹಾನಗಲ್ಲಿನಲ್ಲಿದ್ದು ಟ್ರ್ಯಾಕ್ಟರಿನಲ್ಲಿ ಎರೆ ಮಣ್ಣು ತರಿಸಿದ್ದರೆ ನಿಮ್ಮದು ಎರೆ ಮಣ್ಣೇ.

ಫಾರ್ವರ್ಡ್ ಸಲಹೆಗಳು: ಒಂದೊಂದಾಗಿ

*ಒಲೆ ಬೂದಿ.* ಬೂದಿ ಬಲವಾದ ಕ್ಷಾರ. ಅದರಲ್ಲಿ ಪೊಟ್ಯಾಷ್, ಸುಣ್ಣದ ಅಂಶ ಇದೆ; ಸಾರಜನಕ ಇಲ್ಲ. ಆಮ್ಲೀಯ ಕೆಂಪು ಮಣ್ಣಿಗೆ ಸ್ವಲ್ಪ ಹಾಕಿದರೆ ಉಪಯೋಗ. ಎರೆ ಮಣ್ಣಿಗೆ ಹಾಕಿದರೆ ಇದ್ದ ತೊಂದರೆ ಹೆಚ್ಚುತ್ತದೆ, ಹಳದಿ ಎಲೆ ಇನ್ನಷ್ಟು ಹಳದಿಯಾಗುತ್ತದೆ.

*ಮೊಟ್ಟೆ ಚಿಪ್ಪು.* ಇದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕರಗುವುದು ಬಹಳ ನಿಧಾನ, ಕ್ಷಾರ ಮಣ್ಣಿನಲ್ಲಿ ಕರಗುವುದೇ ಕಷ್ಟ. ಟೊಮೆಟೊ ಕಾಯಿಯ ಬುಡ ಕಪ್ಪಾಗುವುದಕ್ಕೆ ಇದನ್ನೇ ಮದ್ದು ಎನ್ನುತ್ತಾರೆ. ಆ ತೊಂದರೆಗೆ ಬಹಳ ಸಲ ಕಾರಣ ನೀರು. ಒಂದು ದಿನ ತುಂಬಿಸಿ, ಮೂರು ದಿನ ಒಣಗಿಸಿದರೆ ಮಣ್ಣಿನಲ್ಲಿರುವ ಕ್ಯಾಲ್ಸಿಯಂ ಕಾಯಿಗೆ ತಲುಪುವುದಿಲ್ಲ.

*ನಿಂಬೆರಸ, ವಿನೆಗರ್.* ಸುಣ್ಣದ ಅಂಶವಿರುವ ಮಣ್ಣಿನಲ್ಲಿ ಹುಳಿ ಬಿದ್ದ ತಕ್ಷಣ ನೊರೆ ಬಂದು ಅದರ ಶಕ್ತಿ ಮುಗಿದುಹೋಗುತ್ತದೆ. ಪಿಎಚ್ ಮತ್ತೆ ಮೊದಲಿನಂತೆ. ಜಾಸ್ತಿ ಸುರಿದರೆ ಬೇರು ಸುಡುತ್ತದೆ. ಆದರೆ ವಿನೆಗರ್ ಒಂದು ಕೆಲಸಕ್ಕೆ ಬರುತ್ತದೆ: ಒಣ ಮಣ್ಣಿನ ಮೇಲೆ ಕೆಲವು ಹನಿ ಹಾಕಿ. ನೊರೆ ಎದ್ದರೆ ಆ ಮಣ್ಣಿನಲ್ಲಿ ಸುಣ್ಣದ ಅಂಶ ಸಾಕಷ್ಟಿದೆ ಎಂದರ್ಥ. ಅಂಥ ಮಣ್ಣಿಗೆ ಬೂದಿ, ಸುಣ್ಣ ಬೇಡವೇ ಬೇಡ.

*ಕಾಫಿ ಚರಟ, ಚಹಾ ಪುಡಿ.* ಸೋಸಿದ ಮೇಲೆ ಉಳಿದ ಕಾಫಿ ಚರಟದಲ್ಲಿ ಹುಳಿ ಹೆಚ್ಚೇನೂ ಉಳಿದಿರುವುದಿಲ್ಲ. ಮಣ್ಣನ್ನು ಆಮ್ಲೀಯ ಮಾಡುವುದಿಲ್ಲ. ಗೊಬ್ಬರದ ಗುಂಡಿಗೆ ಹಾಕಿ ಕೊಳೆಸಿದರೆ ಒಳ್ಳೆಯದು. ಸಕ್ಕರೆ ಹಾಕಿ ಕುದಿಸಿದ ಚಹಾ ಪುಡಿಯನ್ನು ತೊಳೆಯದೆ ಹಾಕಿದರೆ ಇರುವೆ ಗ್ಯಾರಂಟಿ.

*ಎಲೆ ಅಡಿಕೆಯ ಸುಣ್ಣ.* ಇದು ತೀಕ್ಷ್ಣ. ಕುಂಡದ ಎಳೆಯ ಬೇರಿಗೆ ಅಪಾಯ. ಆಮ್ಲೀಯ ಮಣ್ಣಿಗೆ ಬೇಕಾದದ್ದು ಕೃಷಿ ಸುಣ್ಣ, ಅದೂ ಪರೀಕ್ಷೆಯ ವರದಿ ಹೇಳಿದಷ್ಟು.

*ಅಡುಗೆ ಸೋಡಾ.* ಇದರಲ್ಲಿರುವ ಸೋಡಿಯಂ ಮಣ್ಣನ್ನು ಹಾಳು ಮಾಡುತ್ತದೆ. ಹಾಕಬೇಡಿ.

ವಿದೇಶಿ ವಿಡಿಯೊಗಳ ಲೆಕ್ಕ ಇಲ್ಲಿಗೆ ಹೊಂದದು

ಕುಂಡದ ಪಿಎಚ್ ಬಗ್ಗೆ ಹುಡುಕಿದರೆ ಸಿಗುವ ವಿಡಿಯೊಗಳಲ್ಲಿ ತಂಪು ದೇಶಗಳ ಮನೆ ಗಾಂಜಾ ಬೆಳೆಗಾರರವೂ ಇರುತ್ತವೆ. ಕೆನಡಾದ ಹೆಚ್ಚಿನ ಪ್ರಾಂತಗಳಲ್ಲಿ 2018ರಿಂದ ವಯಸ್ಕರ ಮನೆಯೊಂದಕ್ಕೆ ನಾಲ್ಕು ಗಿಡಗಳ ತನಕ ಅನುಮತಿ ಇದೆ. ಅಲ್ಲಿ ಕುಂಡಕ್ಕೆ ತುಂಬುವುದು ಬಹುತೇಕ ‘ಪೀಟ್’ ಎಂಬ ಜೌಗು ಪಾಚಿಯ ಮಿಶ್ರಣ. ಅದು ಸಹಜವಾಗಿಯೇ ಆಮ್ಲೀಯ, ಆದ್ದರಿಂದ ಅವರು ಸುಣ್ಣ ಬೆರೆಸುತ್ತಾರೆ. ಅದೇ ಸಲಹೆಯನ್ನು ಸವಣೂರಿನ ಎರೆ ಮಣ್ಣಿನ ಮೆಣಸಿನ ಗಿಡಕ್ಕೆ ಅನ್ವಯಿಸಿದರೆ ಗಿಡ ಕೆಡುತ್ತದೆ.

ಇನ್ನು ಗಾಂಜಾ ಗಿಡದ ವಿಷಯ: ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಅದನ್ನು ಬೆಳೆಯುವುದು ಅಪರಾಧ. 10 ವರ್ಷಗಳವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ‘ಒಂದೆರಡು ಗಿಡಕ್ಕೆ ಏನೂ ಆಗಲ್ಲ’ ಎಂಬ ಫಾರ್ವರ್ಡ್ ನಂಬಬೇಡಿ.

ಎಲೆ ನೋಡಿ ಊಹಿಸುವುದು ಹೇಗೆ?

- ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿ: ಸಾರಜನಕದ ಕೊರತೆ ಇರಬಹುದು.
- ತುದಿಯ ಹೊಸ ಎಲೆ ಹಳದಿ, ನರ ಮಾತ್ರ ಹಸಿರು: ಕಬ್ಬಿಣ ಸಿಗುತ್ತಿಲ್ಲ. ಎರೆ ಮಣ್ಣಿನಲ್ಲಿ ಇದು ಹೆಚ್ಚು.
- ಹಳೆಯ ಎಲೆಯ ಅಂಚು ಸುಟ್ಟಂತೆ: ಪೊಟ್ಯಾಷ್ ಕೊರತೆ ಇರಬಹುದು.
- ಇಡೀ ಗಿಡ ಬಾಡಿ ಹಳದಿ, ಮಣ್ಣು ಸದಾ ಒದ್ದೆ: ನೀರು ಹೆಚ್ಚಾಗಿ ಬೇರು ಕೊಳೆಯುತ್ತಿದೆ.
- ಮೆಣಸಿನ ಎಲೆ ಮುದುಡಿದೆ: ಇದು ಮುಟುರು. ಥ್ರಿಪ್ಸ್, ನುಸಿ ಅಥವಾ ನಂಜು ರೋಗ ಕಾರಣ. ಪಿಎಚ್‌ಗೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ಏನು ಮಾಡಬೇಕು?

*ಮೊದಲು ಪರೀಕ್ಷೆ.* ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಮಣ್ಣು ಆರೋಗ್ಯ ಚೀಟಿಯಲ್ಲಿ ಪಿಎಚ್, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್ ಹೀಗೆ 12 ಅಂಶ ಇರುತ್ತವೆ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಹಿತ್ತಲಿನಲ್ಲಿ ಎಂಟು-ಹತ್ತು ಕಡೆ 15 ಸೆಂ.ಮೀ. ಆಳದ ಮಣ್ಣು ತೆಗೆದು, ಕಲಸಿ, ಅರ್ಧ ಕೆ.ಜಿ. ಉಳಿಸಿ ನೆರಳಿನಲ್ಲಿ ಒಣಗಿಸಿ. ತಿಪ್ಪೆಯ ಪಕ್ಕದ, ಈಚೆಗೆ ಗೊಬ್ಬರ ಹಾಕಿದ ಜಾಗದ ಮಣ್ಣು ಬೇಡ.

*ಕುಂಡದ ಮಿಶ್ರಣ.* ಮಣ್ಣು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಮರಳು ಅಥವಾ ತೊಳೆದ ತೆಂಗಿನ ನಾರಿನ ಪುಡಿ ಸಮ ಪಾಲು ಇದ್ದರೆ ಆರಂಭಕ್ಕೆ ಸಾಕು. ಎರೆ ಮಣ್ಣು ನೀರು ಹಿಡಿದಿಡುತ್ತದೆ, ಅದರ ಪಾಲು ಕಡಿಮೆ ಇರಲಿ. ಹಸಿ ಸಗಣಿ ಬೇಡ. ಕಳಿತ ಗೊಬ್ಬರ ಆಮ್ಲೀಯ ಮಣ್ಣಿಗೂ ಕ್ಷಾರ ಮಣ್ಣಿಗೂ ಹಿತ. ಪರೀಕ್ಷೆ ಇಲ್ಲದೆಯೂ ಧೈರ್ಯವಾಗಿ ಹಾಕಬಹುದಾದದ್ದು ಇದೊಂದೇ.

*ಕ್ಷಾರ ಮಣ್ಣಿಗೆ.* ಗಂಧಕದ ಪುಡಿ ಪಿಎಚ್ ಇಳಿಸುತ್ತದೆ, ಆದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಆಮ್ಲವಾಗಿಸಲು ವಾರಗಳಿಂದ ತಿಂಗಳುಗಳು ಬೇಕು. ಹೊಸ ಎಲೆ ಹಳದಿಯಾಗಿದ್ದರೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಬಹುದು. ಮೊದಲು ಒಂದು ಗಿಡಕ್ಕೆ ಹೊಡೆದು ನೋಡಿ.

*ನೀರು ಗಮನಿಸಿ.* ಗಡಸು ಬೋರ್‌ವೆಲ್ ನೀರನ್ನೇ ತಿಂಗಳುಗಟ್ಟಲೆ ಹಾಕಿದರೆ ಕುಂಡದ ಪಿಎಚ್ ಮೆಲ್ಲಗೆ ಏರುತ್ತದೆ, ಮಣ್ಣಿನ ಮೇಲೆ ಬಿಳಿ ಪುಡಿ ಕಾಣುತ್ತದೆ. ಮಳೆ ನೀರು ಸಿಕ್ಕಾಗ ಅದನ್ನೇ ಕೊಡಿ.

ಫಾರ್ವರ್ಡ್ ಮಾಡುವ ಮುನ್ನ

ಬೂದಿಯೂ ಸುಳ್ಳಲ್ಲ, ಗಂಧಕವೂ ಸುಳ್ಳಲ್ಲ. ಯಾವ ಮಣ್ಣಿಗೆ ಎಂದು ಹೇಳದೆ ಬಂದ ಸಲಹೆ ಮಾತ್ರ ಅರ್ಧ ಸುಳ್ಳು. ಮುಂದಿನ ಸಲ ಇಂಥ ಸಂದೇಶ ಬಂದರೆ ಗುಂಪಿನಲ್ಲಿ ಒಂದೇ ಪ್ರಶ್ನೆ ಕೇಳಿ: ‘ಇದು ಎರೆಗೋ, ಮಸಾರಿಗೋ?’ ಉತ್ತರ ಬರುವ ತನಕ ಬೂದಿ ಒಲೆಯ ಪಕ್ಕದಲ್ಲೇ ಇರಲಿ.