ಅಳಿಯ ಅಂದರೆ ಯಾರು? ಎರ್ಮಾಳಿನಿಂದ ಮುಂಬೈಗೆ ಹೋದ ಮದುವೆಯ ಕತೆ

ಇವತ್ತು ಒಂದು ಪದದಿಂದ ಶುರು ಮಾಡ್ತೇನೆ: ಅಳಿಯ. ತಂಗಿಯ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ನಮ್ಮ ಎರ್ಮಾಳ್, ಪಡುಬಿದ್ರಿ, ಕಾಪು ಕಡೆ ಈ ಎರಡು ಅರ್ಥಗಳ ನಡುವೆ ಒಂದು ಆಸ್ತಿಯ ಲೆಕ್ಕ ಇತ್ತು.

ಬಂಟರು, ಬಿಲ್ಲವರು, ಮೊಗವೀರರು ಅಳಿಯಸಂತಾನ ಕಟ್ಟಿನವರು. ಮನೆ, ಗದ್ದೆ ಎಲ್ಲ ತಾಯಿಯ ಕಡೆಯಿಂದ ಇಳಿದು ಬರುವುದು. ಸಾಮಾನ್ಯವಾಗಿ ಸೋದರಮಾವನೇ ಯಜಮಾನ. ಅವನ ನಂತರ ಮಗ ಅಲ್ಲ, ತಂಗಿಯ ಮಗ. ಹಾಗಾದ್ರೆ ಮಾವನ ಸ್ವಂತ ಮಗಳಿಗೆ ಏನು? ಅವಳನ್ನು ಆ ಅಳಿಯನಿಗೇ ಕೊಟ್ಟರೆ ಆಯ್ತು. ಸಂಬಂಧ ಕೂಡಿಸುವಾಗ ಹುಡುಗ ಹುಡುಗಿಗಿಂತ ಗದ್ದೆಯೇ ಮುಖ್ಯ ಆದದ್ದೂ ಉಂಟು.

ಆದರೆ ಹೆಣ್ಣಿಗೆ ಒಂದು ಧೈರ್ಯ ಇತ್ತು. ಗಂಡ ತೀರಿಕೊಂಡರೆ, ಅಥವಾ ಹೊಂದಾಣಿಕೆ ಆಗದಿದ್ದರೆ, ಅವಳು ಬರುವುದು ತನ್ನದೇ ಹಕ್ಕಿರುವ ಕುಟುಂಬದ ಮನೆಗೆ. ಮರುಮದುವೆಗೆ ತುಳುವಿನಲ್ಲಿ ‘ಬುಡುದಾರೆ’ ಅಂತ ಹೆಸರೇ ಉಂಟು.

ಆಮೇಲೆ ಬಂತು ಬೊಂಬಾಯಿ. ಊರಿನವರು ಎಷ್ಟು ಜನ ಹೋದರೆಂದರೆ, ಅಲ್ಲಿ 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ ಹುಟ್ಟಿದವು. ಚಾಳಿನ ಒಂದು ಖೋಲಿಯಲ್ಲಿ ಇದ್ದದ್ದು ಗಂಡ, ಹೆಂಡತಿ, ಮಕ್ಕಳು. ಮಾವ ಊರಲ್ಲಿ. ಹೋಟೆಲಿನಲ್ಲಿ ದುಡಿದ ಸಂಬಳವನ್ನು ಮಕ್ಕಳಿಗೆ ಬಿಟ್ಟು ಅಳಿಯನಿಗೆ ಯಾಕೆ ಕೊಡಬೇಕು? ಈ ಪ್ರಶ್ನೆ ಮನೆಮನೆಯಲ್ಲಿ ಎದ್ದಿತು.

ಕಾನೂನು ಹಿಂದಿನಿಂದ ಬಂತು. ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಮದುವೆ, ಜೀವನಾಂಶ, ಪಾಲು ಎಲ್ಲಕ್ಕೂ ಹೊಸ ನಿಯಮ ತಂದಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಅಪ್ಪನ ಆಸ್ತಿಗೆ ಮಕ್ಕಳೂ ವಾರಸುದಾರರು.

ಇದರಿಂದ ಹೆಣ್ಣುಮಕ್ಕಳಿಗೆ ಲಾಭವೋ ನಷ್ಟವೋ? ನನ್ನ ಪ್ರಕಾರ ಎರಡೂ. ಅಪ್ಪನ ಆಸ್ತಿಯಲ್ಲಿ ಹಕ್ಕು ಸಿಕ್ಕಿತು, ಮಾವನ ಅಧಿಕಾರ ತಗ್ಗಿತು. ಆದರೆ ಕುಟುಂಬದ ಆಸ್ತಿ ಪಾಲಾದ ಮೇಲೆ, ವಾಪಸ್ ಬರಲಿಕ್ಕೆ ಇದ್ದ ಮನೆಯೂ ಪಾಲಾಯ್ತು. ‘ಗಂಡನ ಮನೆಯೇ ನಿನ್ನ ಮನೆ’ ಎನ್ನುವ ಬುದ್ಧಿವಾದ ನಮ್ಮ ಊರಿಗೆ ಅಷ್ಟೇನೂ ಹಳೆಯದಲ್ಲ.

ಒಂದು ಮಾತ್ರ ಬದಲಾಗಲಿಲ್ಲ. ಹುಡುಗ ದುಬೈಯಲ್ಲಿರಲಿ, ಹುಡುಗಿ ಮುಂಬೈಯಲ್ಲಿರಲಿ, ವಾಟ್ಸಾಪಿನಲ್ಲಿ ಬಯೋಡಾಟಾ ಬಂದ ಕೂಡಲೇ ಹಿರಿಯರು ಕೇಳ್ತಾರೆ: ‘ಬರಿ ಯಾವುದು?’ ಬರಿ ಅಂದರೆ ತಾಯಿಯಿಂದ ಬರುವ ಬಳಿ. ಒಂದೇ ಬರಿಯವರು ಅಣ್ಣ ತಂಗಿ ಲೆಕ್ಕ, ಮದುವೆ ಇಲ್ಲ. ಸರ್‌ನೇಮ್ ಅಪ್ಪನದ್ದಾಗಿರಬಹುದು, ಬರಿ ಇವತ್ತಿಗೂ ಅಮ್ಮನದ್ದೇ.

ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ಒಮ್ಮೆ ಕೇಳಿ, ಬರಿ ಯಾವುದು ಅಂತ. ಹಾಗೆಯೇ ಇನ್ನೊಂದನ್ನೂ ಕೇಳಿ: ಅವರ ಕುಟುಂಬದ ಮನೆ ಈಗ ಯಾರ ಹೆಸರಿನಲ್ಲಿ ಉಂಟು?