ಮೂಲಗೇಣಿ, ಚಾಲಗೇಣಿ, ಕುಮ್ಕಿ... ಮತ್ತು "ರಿಜಿಸ್ಟ್ರೇಶನ್ ಫ್ರೀ"

ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮನೆ ಅಂದರೆ ಮೊದಲು ಜಾಗ, ಆಮೇಲೆ ಬಾವಿ, ಕೊನೆಗೆ ಗೋಡೆ. ಈಗ ಗೋಡೆ ಏಳುವ ಮೊದಲೇ ಮನೆ ಮಾರಾಟಕ್ಕಿರುತ್ತದೆ. ಜೊತೆಗೆ ಕೊಡುಗೆಗಳ ಪಟ್ಟಿ... "ಜಿಎಸ್‌ಟಿ ಇಲ್ಲ", "ರಿಜಿಸ್ಟ್ರೇಶನ್ ಫ್ರೀ", "ಕೀಲಿಕೈ ಸಿಗುವವರೆಗೆ ಇಎಂಐ ನಮ್ಮದು"! ದುಬೈಯಲ್ಲಿ ದುಡಿಯುವ ನಮ್ಮ ಸಂಬಂಧಿಕರ ಮಾಣಿಯೊಬ್ಬ ಇಂಥದ್ದೊಂದು ಬ್ರೋಷರ್ ಕಳಿಸಿ "ಬುಕ್ ಮಾಡುದಾ?" ಅಂತ ಕೇಳಿದ್ದಾನೆ. ಅವನ ಹತ್ತು ವರ್ಷದ ಉಳಿತಾಯದ ಪ್ರಶ್ನೆ. ಉತ್ತರ ಹುಡುಕುತ್ತಾ ನಾನು ಇತಿಹಾಸಕ್ಕೆ ಹೋದೆ. ಯಾಕೆಂದರೆ ಕೊಡುಗೆ ತೋರಿಸಿ ಜನರನ್ನು ಜಾಗಕ್ಕೆ ಕರೆತರುವುದು ನಮ್ಮೂರಿಗೆ ಹೊಸತೇನಲ್ಲ.

1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಕಂಪನಿಯ ಕೈಗೆ ಬಂತು. ಥಾಮಸ್ ಮನ್ರೋ ಕಲೆಕ್ಟರ್ ಆದ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕುಂದಾಪುರದ ಮೇಲೆ ಹಾದುಹೋದ. ಇಬ್ಬರೂ ಇಲ್ಲಿನ ಗೇಣಿ ಪದ್ಧತಿಯನ್ನು ಕುತೂಹಲದಿಂದ ನೋಡಿದವರು. ಅದರಲ್ಲಿ ಮುಖ್ಯವಾದದ್ದು ಎರಡು. ಮೂಲಗೇಣಿಯಲ್ಲಿ ಒಕ್ಕಲು ಮೊದಲಿಗೆ ಒಂದು ಮೊತ್ತ ಕೊಡುತ್ತಿದ್ದ. ಪ್ರತಿಯಾಗಿ ಗೇಣಿ ಶಾಶ್ವತವಾಗಿ ನಿಗದಿ, ಮಕ್ಕಳು ಮೊಮ್ಮಕ್ಕಳಿಗೂ ಅದೇ. ಚಾಲಗೇಣಿಯಲ್ಲಿ ಇಂಥ ಭದ್ರತೆ ಇಲ್ಲ, ವರ್ಗದಾರನ ಮರ್ಜಿ. ಇವತ್ತು ಸಲೀಸು, ನಾಳೆ ಗೇಣಿ ಏರಿಸಬಹುದು, ಬಿಡಿಸಲೂಬಹುದು.

ಮೂರನೆಯದು ಕುಮ್ಕಿ. ಕದೀಂ ವರ್ಗದ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರಬಹುದು. ಆದರೆ ಜಾಗ ನಿಮ್ಮದಲ್ಲ! ಅನುಭೋಗ ಉಂಟು, ಒಡೆತನ ಇಲ್ಲ.

ಇಂದಿನ ಬಿಲ್ಡರ್ ಕೊಡುವ ಯಾವ ಕೊಡುಗೆಯನ್ನಾದರೂ ಈ ಮೂರರಲ್ಲಿ ಒಂದು ಪೆಟ್ಟಿಗೆಗೆ ಹಾಕಬಹುದು ಅಂತ ನನಗನ್ನಿಸುತ್ತದೆ. ಕಾಣಿ...

ಮೂಲಗೇಣಿಯಂಥದ್ದು ಅಂದರೆ ಬೆಲೆಯಲ್ಲೇ ಕಡಿತ. ಅದನ್ನು ಮತ್ತೆ ಯಾರೂ ಕಿತ್ತುಕೊಳ್ಳುವಂತಿಲ್ಲ. 50 ಲಕ್ಷದ ಫ್ಲ್ಯಾಟ್ ಅಂತ ಇಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಸೆಸ್ಸು, ಸರ್‌ಚಾರ್ಜ್ ಸೇರಿ ಸುಮಾರು ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಒಟ್ಟು 3.80 ಲಕ್ಷ. "ರಿಜಿಸ್ಟ್ರೇಶನ್ ಫ್ರೀ" ಅಂದರೆ ಇಷ್ಟು ಉಳಿತಾಯ. ಅದೇ 3.80 ಲಕ್ಷವನ್ನು ಬೆಲೆಯಲ್ಲೇ ಇಳಿಸಿದರೆ? ಆ ಮೊತ್ತದ ಮೇಲಿನ ನೋಂದಣಿ ಖರ್ಚು ಮತ್ತು ಶೇ. 5ರ ಜಿಎಸ್‌ಟಿ ಕೂಡ ತಪ್ಪಿ ಇನ್ನೂ ಸುಮಾರು 48 ಸಾವಿರ ಉಳಿಯುತ್ತದೆ (ಇಳಿದ ಬೆಲೆ ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಕೆಳಗೆ ಹೋಗದಿದ್ದರೆ). ಬಿಲ್ಡರಿಗೆ ಖರ್ಚು ಒಂದೇ. ಆದರೂ ಅವರು ಬೆಲೆ ಇಳಿಸಲು ಒಪ್ಪುವುದು ಕಷ್ಟ. ಇಳಿಸಿದ ಬೆಲೆ ದಾಖಲೆಯಲ್ಲಿ ಉಳಿಯುತ್ತದೆ, ಮುಂದಿನ ಗಿರಾಕಿ ಅದನ್ನೇ ಕೇಳುತ್ತಾನಲ್ಲ! ಹಾಗಂತ ಕೈಯಲ್ಲಿ ನಗದು ಕಡಿಮೆ ಇರುವವರಿಗೆ ನೋಂದಣಿ ಖರ್ಚಿನ ಕೊಡುಗೆ ಸಹಾಯವೇ. ಆ ಖರ್ಚನ್ನು ಸಾಮಾನ್ಯವಾಗಿ ಕೈಯಿಂದಲೇ ಹಾಕಬೇಕಾಗುತ್ತದೆ.

ಅಂದಹಾಗೆ, ಪೂರ್ಣಗೊಂಡು ಪ್ರಮಾಣಪತ್ರ ಸಿಕ್ಕ ಮೇಲೆ ಮಾರುವ ಮನೆಗೆ ಕಾನೂನಿನಲ್ಲೇ ಜಿಎಸ್‌ಟಿ ಇಲ್ಲ. ಅದನ್ನು ಕೊಡುಗೆ ಅಂತ ಹೇಳಿದರೆ ನಗಬೇಕಷ್ಟೇ.

ಚಾಲಗೇಣಿಯಂಥದ್ದು "ಇಎಂಐ ನಮ್ಮದು", "ಎರಡು ವರ್ಷ ಬಾಡಿಗೆ ಗ್ಯಾರಂಟಿ". ಕೊಡುವವನ ಮನಸ್ಸು, ಕಿಸೆ ಎರಡೂ ಗಟ್ಟಿ ಇರುವವರೆಗೆ ಮಾತ್ರ. ಸಾಲ ಇರುವುದು ನಿಮ್ಮ ಹೆಸರಲ್ಲಿ. ಬಿಲ್ಡರ್ ಕಂತು ನಿಲ್ಲಿಸಿದರೆ ಬ್ಯಾಂಕು ನಿಮ್ಮ ಬಾಗಿಲಿಗೆ ಬರುತ್ತದೆ. ಇದಕ್ಕೇ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲಿ, ಕಟ್ಟಡ ಏರಿದ ಹಂತಕ್ಕೆ ತಕ್ಕಂತೆ ಮಾತ್ರ ಸಾಲ ಬಿಡುಗಡೆ ಮಾಡಿ ಎಂದು ಬ್ಯಾಂಕುಗಳಿಗೆ ಹೇಳಿತು. 2019ರ ಜುಲೈನಲ್ಲಿ ನ್ಯಾಷನಲ್ ಹೌಸಿಂಗ್ ಬ್ಯಾಂಕ್, ಬಿಲ್ಡರ್ ಬಡ್ಡಿ ಕಟ್ಟುವ ಯೋಜನೆಗಳಿಂದ ದೂರವಿರಿ ಎಂದು ಗೃಹಸಾಲ ಕಂಪನಿಗಳಿಗೆ ಸೂಚಿಸಿತು. ದೆಹಲಿಯ ಸುತ್ತಮುತ್ತ ಹೀಗೆ ಸಿಕ್ಕಿಬಿದ್ದವರ ಪ್ರಕರಣಗಳಲ್ಲಿ ಬಿಲ್ಡರ್-ಬ್ಯಾಂಕ್ ನಂಟಿನ ತನಿಖೆಗೆ ಸುಪ್ರೀಂ ಕೋರ್ಟ್ 2025ರಲ್ಲಿ ಸಿಬಿಐಯನ್ನೇ ಕರೆಯಬೇಕಾಯಿತು.

ಕುಮ್ಕಿಯಂಥದ್ದು "ಕಾರ್ ಪಾರ್ಕಿಂಗ್ ಉಚಿತ". ತೆರೆದ ಪಾರ್ಕಿಂಗ್ ಜಾಗ 2016ರ ರೇರಾ ಕಾಯ್ದೆಯ ಪ್ರಕಾರ ಎಲ್ಲರ ಸಾಮಾನ್ಯ ಜಾಗ. ಕಟ್ಟಡದಡಿಯ ಕಂಬಗಳ ನಡುವಿನ ಪಾರ್ಕಿಂಗನ್ನು ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದು ಮುಂಬೈಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಎಲ್ಲರಿಗೂ ಸೇರಿದ್ದನ್ನು ನಿಮಗೊಬ್ಬರಿಗೇ ದಾನ ಕೊಟ್ಟಂತೆ!

ಇಷ್ಟೆಲ್ಲಾ ಲೆಕ್ಕ ಹಾಕುವ ಮೊದಲು ಬುಡ ನೋಡಬೇಕು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ನಮ್ಮ ಕಡೆಯ ಬಹಳಷ್ಟು ಗೇಣಿ ಭೂಮಿ ಒಕ್ಕಲಿನ ಹೆಸರಿಗಾಯಿತು. ಇಂದಿಗೂ "ಡಿಕ್ಲರೇಶನ್ ಜಾಗ" ಅನ್ನುತ್ತೇವಲ್ಲ, ಅದೇ. ಅದನ್ನು 15 ವರ್ಷ ಪರಭಾರೆ ಮಾಡುವಂತಿರಲಿಲ್ಲ. ಹಳೆಯ ಮೂಲಗೇಣಿ ಹಕ್ಕುಗಳಿಗೆ ಒಡೆತನ ಕೊಡಲು ರಾಜ್ಯ 2011ರ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಹಾಗಾಗಿ ಫ್ಲ್ಯಾಟಿನ ಅಡಿಯ ಜಾಗ ಯಾವ ದಾರಿಯಲ್ಲಿ ಬಂತು, ಟ್ರಿಬ್ಯುನಲ್ ಆದೇಶ ಯಾವ ವರ್ಷದ್ದು, ಭೂಪರಿವರ್ತನೆ ಆಗಿದೆಯಾ ಎಂದು ಒಬ್ಬ ವಕೀಲರಿಗೆ ತೋರಿಸಲೇಬೇಕು. "ಹೊಳೆ ಕಾಣುವ ಮನೆ" ಅಂದರೆ ಇನ್ನೂ ಜಾಗ್ರತೆ. 1991ರಿಂದ ಇರುವ ಕರಾವಳಿ ನಿಯಂತ್ರಣ ವಲಯದ ನಿಯಮ ಕಡಲಿಗೆ ಮಾತ್ರವಲ್ಲ, ಉಬ್ಬರದ ನೀರು ಏರುವ ಪಂಚಗಂಗಾವಳಿಯಂಥ ಹೊಳೆಯ ದಡಕ್ಕೂ ಅನ್ವಯಿಸುತ್ತದೆ.

ನಮ್ಮ ಸಣ್ಣ ಊರುಗಳಿಗೆ ಇನ್ನೊಂದು ಮಾತು. ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಮನೆಗಳು 8 ಮೀರದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. ಇಲ್ಲಿನ ಪುಟ್ಟ ಕಟ್ಟಡಗಳು ಸುಲಭವಾಗಿ ಈ ಸಂದಿಯಲ್ಲಿ ನುಸುಳಬಹುದು.

ಮಾಣಿಗೆ ನಾನು ಬರೆದದ್ದು ಇಷ್ಟು: ಮೊದಲು ಹಕ್ಕುಪತ್ರ, ಆಮೇಲೆ ರೇರಾ ನಂಬರ್. ನೋಂದಾಯಿತ ಕರಾರು ಆಗದೆ ಶೇ. 10ಕ್ಕಿಂತ ಹೆಚ್ಚು ಕೊಡಬೇಡ, ಕೇಳಲು ಕಾನೂನು ಅವರಿಗೂ ಬಿಡುವುದಿಲ್ಲ. ಕೊಡುಗೆಗಳನ್ನೆಲ್ಲ ರೂಪಾಯಿಗೆ ತಿರುಗಿಸಿ ಅಷ್ಟನ್ನೂ ಬೆಲೆಯಲ್ಲಿ ಇಳಿಸಲು ಕೇಳು. ಒಪ್ಪದಿದ್ದರೆ ಪ್ರತಿಯೊಂದನ್ನೂ ಕರಾರಿನಲ್ಲಿ ಬರೆಸು. ಅದಕ್ಕೂ ಒಪ್ಪದಿದ್ದರೆ ಅದು ಚಾಲಗೇಣಿ ಅಂತ ತಿಳಿ, ಬೇರೆ ಮನೆ ನೋಡು.