ಎಲ್ಲೋ ಇರುವ ಫೋನು, ಇಲ್ಲಿಂದ ಪರೀಕ್ಷೆ

ಅನ್ನ ಬೆಂದಿದೆಯೇ ಎಂದು ತಿಳಿಯಲು ಗೃಹಿಣಿ ಒಂದು ಅಗುಳನ್ನು ಹಿಸುಕಿ ನೋಡುತ್ತಾಳೆ. ಒಂದು ಬೆಂದಿದ್ದರೆ ಪಾತ್ರೆಯೆಲ್ಲ ಬೆಂದ ಹಾಗೆ. ಶಾಸ್ತ್ರಜ್ಞರು ಇದನ್ನು ಸ್ಥಾಲೀಪುಲಾಕ ನ್ಯಾಯವೆಂದು ಕರೆದರು. ಆದರೆ ನಿಮ್ಮ ಜೇಬಿನ ಮೊಬೈಲಿನಲ್ಲಿ ಓಡುವ ಆ್ಯಪ್‌ಗಳ ಮಟ್ಟಿಗೆ ಈ ನ್ಯಾಯ ನಡೆಯಲಿಲ್ಲ. ಏಕೆ ನಡೆಯಲಿಲ್ಲ, ಅದಕ್ಕೆ ಜನ ಯಾವ ಉಪಾಯ ಹೂಡಿದರು ಎಂಬುದು ಇಪ್ಪತ್ತು ವರ್ಷಗಳಿಗೆ ತುಸು ಮಿಗಿಲಾದ ಒಂದು ಚಿಕ್ಕ ಚರಿತ್ರೆ.

೧೯೯೫ರಲ್ಲಿ ಅಮೆರಿಕದ ಸನ್ ಸಂಸ್ಥೆ ಜಾವಾ ಎಂಬ ಗಣಕಭಾಷೆಯನ್ನು ಹೊರತಂದಿತು. ಒಮ್ಮೆ ಬರೆದರೆ ಸಾಕು, ಯಾವ ಯಂತ್ರದಲ್ಲಾದರೂ ನಡೆಯುತ್ತದೆ ಎಂಬುದು ಅದರ ಭರವಸೆ. ೧೯೯೯ರಲ್ಲಿ ಸಣ್ಣ ಉಪಕರಣಗಳಿಗಾಗಿ ಅದರ ಕಿರಿಯ ರೂಪವೊಂದು ಬಂದು, ಬರಬರುತ್ತಾ ಫೋನುಗಳನ್ನು ಹೊಕ್ಕಿತು. ಅಲ್ಲಿ ಭರವಸೆ ಮುಗ್ಗರಿಸಿತು. ಒಂದು ಫೋನಿನ ಪರದೆ ಚಿಕ್ಕದು, ಇನ್ನೊಂದರದು ದೊಡ್ಡದು. ಒಂದರ ಗುಂಡಿಗಳು ಒಂದು ಬಗೆ, ಮತ್ತೊಂದರವು ಬೇರೆ ಬಗೆ. ಸ್ಮರಣಶಕ್ತಿಯಂತೂ ಕೆಲವದರಲ್ಲಿ ತೀರ ಅಲ್ಪ. ಒಂದರಲ್ಲಿ ಸೊಗಸಾಗಿ ನಡೆದ ಆಟ ಇನ್ನೊಂದರಲ್ಲಿ ತೆರೆಯುತ್ತಲೇ ಇರಲಿಲ್ಲ. ಬರೆದವನು ಪ್ರತಿಯೊಂದು ಮಾದರಿಯನ್ನೂ ಕೈಯಲ್ಲಿ ಹಿಡಿದೇ ನೋಡಬೇಕಾಯಿತು. ಎಷ್ಟು ಫೋನುಗಳನ್ನು ತಾನೇ ಕೊಂಡಾನು?

ಈ ಕಷ್ಟಕ್ಕೆ ಮೊದಲು ಮದ್ದು ಹುಡುಕಿದವರಲ್ಲಿ ಕ್ಯಾಲಿಫೋರ್ನಿಯದ ಮೊಬೈಲ್ ಕಂಪ್ಲೀಟ್ ಎಂಬ ಸಂಸ್ಥೆಯೊಂದು. ೨೦೦೩ರಲ್ಲಿ ಹುಟ್ಟಿದ ಈ ಸಂಸ್ಥೆಯ ಸೇವೆಗೆ ಡಿವೈಸ್ ಎನಿವೇರ್ ಎಂದು ಹೆಸರು. ಅವರು ನಿಜವಾದ ಫೋನುಗಳನ್ನೇ ತಂದು ಕಪಾಟುಗಳಲ್ಲಿ ಸಾಲಾಗಿ ಜೋಡಿಸಿ, ಗಣಕಗಳಿಗೆ ತಂತಿಯಿಂದ ಸೇರಿಸಿ, ಅಂತರ್ಜಾಲದ ಮೂಲಕ ಬಾಡಿಗೆಗೆ ಬಿಟ್ಟರು. ನೋಕಿಯಾ ಸಂಸ್ಥೆಯೂ ಅದೇ ದಶಕದಲ್ಲಿ ತನ್ನ ಫೋನುಗಳನ್ನು ದೂರದಿಂದಲೇ ಬಳಸಿ ನೋಡುವ ಅನುಕೂಲವನ್ನು ಒದಗಿಸಿತ್ತು. ೨೦೧೧ರಲ್ಲಿ ಡಿವೈಸ್ ಎನಿವೇರ್ ಅನ್ನು ಕೀನೋಟ್ ಎಂಬ ಸಂಸ್ಥೆ ಕೊಂಡುಕೊಂಡಿತು.

ಕಾಲ ತಿರುಗಿದ ವರ್ಷ ೨೦೦೮. ೨೦೦೮ರ ಜುಲೈಯಲ್ಲಿ ಆಪಲ್ ತನ್ನ ಆ್ಯಪ್ ಅಂಗಡಿಯನ್ನು ತೆರೆಯಿತು. ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ಉಳ್ಳ ಮೊದಲ ಫೋನು ಮಾರಾಟಕ್ಕೆ ಬಂದಿತು. ಆಂಡ್ರಾಯ್ಡನ್ನು ಯಾವ ತಯಾರಕನಾದರೂ ಬಳಸಬಹುದು, ತನಗೆ ಬೇಕಾದಂತೆ ತಿದ್ದಲೂಬಹುದು. ಇದರಿಂದ ಅಗ್ಗದ ಫೋನು ಬಡವನ ಕೈಗೂ ಬಂದಿತು. ಜೊತೆಗೆ ಮಾದರಿಗಳು ಮಳೆಗಾಲದ ಅಣಬೆಯಂತೆ ಎದ್ದವು. ಓಪನ್ ಸಿಗ್ನಲ್ ಎಂಬ ಸಂಸ್ಥೆ ತನ್ನ ಆ್ಯಪ್ ಇಳಿಸಿಕೊಂಡ ಫೋನುಗಳನ್ನು ಎಣಿಸಿದಾಗ ೨೦೧೨ರಲ್ಲಿ ೩,೯೯೭ ಬಗೆಯ ಆಂಡ್ರಾಯ್ಡ್ ಉಪಕರಣಗಳು ಕಂಡುವು. ೨೦೧೫ರಲ್ಲಿ ಆ ಎಣಿಕೆ ೨೪,೦೯೩ಕ್ಕೆ ಏರಿತ್ತು.

ಗಣಕದ ಪರದೆಯ ಮೇಲೆಯೇ ಫೋನಿನ ಅಣಕು ರೂಪವನ್ನು ಮೂಡಿಸಿ ನೋಡಬಾರದೇ ಎಂದು ನೀವು ಕೇಳಬಹುದು. ನೋಡಬಹುದು, ನೋಡುತ್ತಲೂ ಇದ್ದಾರೆ. ಮೊದಲ ಹಂತದ ಪರೀಕ್ಷೆಗೆ ಅದು ಒಳ್ಳೆಯದೇ. ಆದರೆ ಅದು ಕನ್ನಡಿಯೊಳಗಿನ ಗಂಟು. ಅಲ್ಲಿ ಬ್ಯಾಟರಿ ಕುಸಿಯುವುದಿಲ್ಲ, ಯಂತ್ರ ಕಾಯುವುದಿಲ್ಲ. ಬ್ಯಾಟರಿ ಉಳಿಸಲೆಂದು ತಯಾರಕನು ಸೇರಿಸಿದ ಕಟ್ಟಳೆಯೊಂದು ಆ್ಯಪನ್ನು ಹಿನ್ನೆಲೆಯಲ್ಲಿ ಸದ್ದಿಲ್ಲದೆ ನಿಲ್ಲಿಸಿಬಿಡುವುದು ಅಲ್ಲಿ ಕಾಣುವುದಿಲ್ಲ.

ಆದ್ದರಿಂದ ನಿಜವಾದ ಫೋನುಗಳ ಉಗ್ರಾಣಗಳು ಬೆಳೆದವು. ೨೦೧೧ರಲ್ಲಿ ರಿತೇಶ್ ಅರೋರಾ ಮತ್ತು ನಕುಲ್ ಅಗರ್‌ವಾಲ್ ಎಂಬ ಇಬ್ಬರು ತರುಣರು ಆರಂಭಿಸಿದ ಬ್ರೌಸರ್‌ಸ್ಟ್ಯಾಕ್ ನಮ್ಮ ದೇಶದ ಮುಂಬಯಿಯಲ್ಲೇ ಬೇರೂರಿದ ಸಂಸ್ಥೆ. ಮೊದಲು ಜಾಲತಾಣಗಳ ಪರೀಕ್ಷೆಗೆಂದು ಹೊರಟ ಅದು ಮುಂದೆ ಫೋನುಗಳನ್ನೂ ಸೇರಿಸಿಕೊಂಡಿತು. ೨೦೧೨ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ಡ್ಯಾನ್ ಕ್ಯುಯೆಲ್ಲರ್ ಎಂಬುವರು ಐಫೋನಿನ ಆ್ಯಪನ್ನು ತಾನೇ ತಾನಾಗಿ ನಡೆಸುವ ವಿಧಾನವನ್ನು ತೋರಿದರು. ಅದು ಅಪಿಯಂ ಎಂಬ ಎಲ್ಲರಿಗೂ ಮುಕ್ತವಾದ ಸಾಧನವಾಗಿ ಬೆಳೆಯಿತು. ೨೦೧೫ರಲ್ಲಿ ಅಮೆಜಾನ್ ತನ್ನ ಡಿವೈಸ್ ಫಾರ್ಮ್ ಸೇವೆಯನ್ನು ತೆರೆಯಿತು. ಗೂಗಲ್ ತನ್ನದನ್ನು ಅದೇ ವರ್ಷ ಘೋಷಿಸಿತು. ೨೦೧೬ರಲ್ಲಿ ಫೇಸ್‌ಬುಕ್, ಅಮೆರಿಕದ ಪ್ರೈನ್‌ವಿಲ್ ಊರಿನ ತನ್ನ ಪ್ರಯೋಗಶಾಲೆಯಲ್ಲಿ ಸುಮಾರು ೨,೦೦೦ ಫೋನುಗಳನ್ನು, ಕಪಾಟಿಗೆ ೩೨ರಂತೆ, ಜೋಡಿಸಿರುವುದಾಗಿ ತಿಳಿಸಿತು. ಒಂದರ ರೇಡಿಯೋ ಅಲೆ ಇನ್ನೊಂದಕ್ಕೆ ಅಡ್ಡಿಯಾಗದಂತೆ ಆ ಕಪಾಟುಗಳಿಗೆ ತಡೆ ಕಟ್ಟಬೇಕಾಯಿತಂತೆ.

ಇದರ ಕೆಲಸ ಬಹಳ ಗಹನವೇನಲ್ಲ. ಕಪಾಟಿನ ಫೋನು ಒಂದು ಗಣಕಕ್ಕೆ ತಂತಿಯಿಂದ ಸೇರಿರುತ್ತದೆ. ಫೋನಿನ ಪರದೆಯ ಚಿತ್ರವನ್ನು ಆ ಗಣಕ ಎಡೆಬಿಡದೆ ಕಳುಹಿಸುತ್ತದೆ. ಮೈಸೂರಿನಲ್ಲಿ ಕುಳಿತವನು ಆ ಚಿತ್ರದ ಮೇಲೆ ಒತ್ತಿದರೆ, ಒತ್ತಿದ ಜಾಗದ ಅಳತೆ ಅಲ್ಲಿಗೆ ಹೋಗಿ ಫೋನಿಗೆ ಬೆರಳು ತಾಕಿದಂತಾಗುತ್ತದೆ. ಕೆಲಸ ಮುಗಿದೊಡನೆ ಆ್ಯಪನ್ನು ತೆಗೆದು, ಗುರುತುಗಳನ್ನು ಅಳಿಸಿ, ಮುಂದಿನವನಿಗೆ ಅಣಿಗೊಳಿಸುತ್ತಾರೆ; ಛತ್ರದ ಕೋಣೆ ಗುಡಿಸಿದ ಹಾಗೆ. ಹಗಲಿರುಳೂ ವಿದ್ಯುತ್ತು ಹೀರುವ ಫೋನುಗಳ ಬ್ಯಾಟರಿ ಉಬ್ಬುವುದುಂಟು. ಅವನ್ನು ಕಂಡುಹಿಡಿದು ಬದಲಿಸಲು ಮನುಷ್ಯನೇ ಬೇಕು.

ಇಷ್ಟಾದ ಮೇಲೆ ಎಲ್ಲರ ಫೋನೂ ಪರೀಕ್ಷೆಗೆ ಒಳಪಟ್ಟಿತೇ? ನಮ್ಮ ಭಾಷೆಯ ಉದಾಹರಣೆಯನ್ನೇ ನೋಡಿ. ಆಂಡ್ರಾಯ್ಡಿಗೆ ಕನ್ನಡದ ಬೆಂಬಲ ಬಂದದ್ದು ೨೦೧೨ರ ೪.೧ನೆಯ ಆವೃತ್ತಿಯಲ್ಲಿ. ಅಕ್ಷರ ಜೋಡಿಸಲು ಬಾರದ ಫೋನಿನಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರ ಮೂರು ತುಂಡಾಗುತ್ತದೆ. ಇಲ್ಲವೇ ಬರಿಯ ಚೌಕಗಳು ಕಾಣುತ್ತವೆ. ಸ್ವಯಂಚಾಲಿತ ಪರೀಕ್ಷೆ ಸಾಮಾನ್ಯವಾಗಿ ಪದ ಅಲ್ಲಿದೆಯೇ ಎಂದು ನೋಡುತ್ತದೆಯೇ ಹೊರತು, ಒತ್ತಕ್ಷರ ತನ್ನ ಜಾಗದಲ್ಲಿ ಕುಳಿತಿದೆಯೇ ಎಂದು ನೋಡುವುದಿಲ್ಲ. ಪದ ಇದೆ, ಪರೀಕ್ಷೆ ಗೆದ್ದಿತು. ಓದುವವನಿಗೆ ಮಾತ್ರ ಅದು ಓದಲು ಬಾರದು. ಬೆಳೆಯ ಧಾರಣೆಯನ್ನೋ ಮಗುವಿನ ಔಷಧಿಯ ಪ್ರಮಾಣವನ್ನೋ ಅದರಲ್ಲಿ ನೋಡಹೊರಟವನ ಪಾಡನ್ನು ಯೋಚಿಸಿ. ಅದನ್ನು ಹಿಡಿಯಲು ಪರದೆಯ ಚಿತ್ರವನ್ನೇ ಹೋಲಿಸಿ ನೋಡಬೇಕು, ಅಥವಾ ಕನ್ನಡ ಬಲ್ಲ ಕಣ್ಣು ಬೇಕು.

ಇನ್ನೂ ಒಂದು ಮಾತು. ಯಾವ ಫೋನನ್ನು ಆರಿಸಿ ಪರೀಕ್ಷಿಸಬೇಕೆಂದು ತೀರ್ಮಾನಿಸುವವನು ಮನುಷ್ಯ. ಹೊಸ, ದುಬಾರಿ ಮಾದರಿಗಳನ್ನಷ್ಟೇ ಆರಿಸಿದರೆ, ಅಣ್ಣನಿಂದ ತಮ್ಮನಿಗೆ ಇಳಿದು ಬಂದ, ಗಾಜು ಸೀಳಿದ ಹಳೆಯ ಫೋನಿನ ಒಡೆಯ ಲೆಕ್ಕಕ್ಕೆ ಬಾರದೆ ಹೋಗುತ್ತಾನೆ. ಒಂದು ಅಗುಳು ಸಾಲದೆಂದು ಸಾವಿರ ಅಗುಳುಗಳನ್ನು ಮುಟ್ಟಿ ನೋಡುವ ಸಾಧನ ಈಗ ನಮ್ಮಲ್ಲಿದೆ. ಪಾತ್ರೆಯ ತಳದಲ್ಲಿರುವ ಅಗುಳಿಗೂ ಕೈ ತಾಕುವಂತೆ ನೋಡಿಕೊಳ್ಳುವುದು ಬಡಿಸುವವರ ಹೊಣೆ.